ಯಜಮಾನರು ದಾಟದ ಗೇಟು

ಶುಕ್ರವಾರ, ಮಧ್ಯಾಹ್ನ
ಮಹಡಿ ಮೇಲಿನ ಕೋಣೆಯಿಂದ

ಪ್ರೀತಿಯ ಅತ್ತೆಗೆ,

ಒಂದೇ ಮನೆಯಲ್ಲಿದ್ದುಕೊಂಡು ಅತ್ತೆಗೆ ಕಾಗದ ಬರೆಯುವ ಸೊಸೆ ಲೋಕದಲ್ಲಿ ನಾನೊಬ್ಬಳೇ ಇರಬೇಕು. ನಗು ಬಂದರೆ ನಕ್ಕುಬಿಡಿ. ನೀವು ನಕ್ಕು ಬಹಳ ದಿನವಾಯಿತು. ಮಗು ತೊಡೆಯ ಮೇಲೆ ಮಲಗಿದೆ, ಒಂದು ಕೈ ಅದರ ತಲೆಯ ಕೆಳಗಿದೆ, ಇನ್ನೊಂದರಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಆಗಿದ್ದರೆ ಕ್ಷಮಿಸಿ. ನಿದ್ದೆಗೆಟ್ಟ ತಲೆ ಬೇರೆ. ಬೆಳಿಗ್ಗೆ ಚಹಾದ ಪಾತ್ರೆಗೆ ಸಕ್ಕರೆ ಬದಲು ಬಟ್ಟೆ ಸೋಪಿನ ಪುಡಿ ಸುರಿದು, ನೊರೆ ಉಕ್ಕಿದ ಮೇಲೆ ಗೊತ್ತಾಗಿದ್ದು. ನೀವು ನೋಡಿದಿರಿ. ನೋಡಿಯೂ ಒಂದು ಮಾತು ಚುಚ್ಚದೆ ಪಾತ್ರೆ ತೊಳೆದಿಟ್ಟಿರಿ. ಮೊದಲಾಗಿದ್ದರೆ, ಹೊಟ್ಟೆಯೊಳಗೂ ಒಗೆದು ಹಾಕೋಣ ಅಂತಿದ್ದೀಯೇನಮ್ಮ ಅನ್ನುತ್ತಿದ್ದಿರಿ. ಆ ಒಂದು ಮಾತಿಗಾಗಿ ಒಲೆಯ ಮುಂದೆ ಸುಮ್ಮನೆ ಕಾದು ನಿಂತಿದ್ದೆ, ಅತ್ತೆ.

ಬಾಯಲ್ಲಿ ಹೇಳಲು ಪ್ರಯತ್ನಪಡಲಿಲ್ಲ ಅಂತಲ್ಲ. ಕೆಳಗೆ ನಿಮ್ಮ ಚರ್ಮದ ಹೊಲಿಗೆ ಅಂಗಡಿಗೆ ಇಳಿದು ಬಂದಾಗೆಲ್ಲ ನೀವು ತಲೆಯೆತ್ತದೆ, ಮಗೂಗೆ ಹಾಲಾಯ್ತಾ, ನೀನೇನಾದ್ರೂ ತಿಂದ್ಯಾ ಅಂತ ಕೇಳುತ್ತೀರಿ. ಆಯ್ತು ಅನ್ನುತ್ತೇನೆ. ಅಲ್ಲಿಗೆ ಮುಗಿಯಿತು. ನಿನ್ನೆ ಧೈರ್ಯ ಮಾಡಿ, ಯಜಮಾನ್ರ ವಿಷಯ ಅಂತ ಬಾಯಿ ತೆರೆದೆ. ಬಿಡಮ್ಮ, ಆಗಿಹೋಯ್ತಲ್ಲ ಅಂದಿರಿ. ಸಿಟ್ಟಿನಿಂದ ಅಂದಿದ್ದರೆ ನಾನೂ ಏನಾದರೂ ಅನ್ನಬಹುದಿತ್ತು. ಮೆತ್ತಗೆ ಅಂದಿರಿ, ಮಲಗಿದ ಮಗುವಿಗೆ ಹೊದಿಕೆ ಸರಿಮಾಡುವ ಹಾಗೆ. ಮೊನ್ನೆ ರಾತ್ರಿ ನಿಮ್ಮ ಮಗನಿಗೆ ಹೇಳಿದ್ದಕ್ಕೆ ಅವರದು ಇನ್ನೊಂದು ರಾಗ. ನನ್ನನ್ನ ಮಧ್ಯೆ ಎಳೀಬೇಡ್ರಪ್ಪ, ನಾನು ಲಾರಿ ಓಡಿಸೋನು, ಎದುರುಬದುರು ಎರಡು ಗಾಡಿ ಬಂದ್ರೆ ಪಕ್ಕಕ್ಕೆ ಹಾಕಿ ನಿಲ್ಲೋದಷ್ಟೇ ಗೊತ್ತು ಅಂದರು. ಮಾರನೆಯ ದಿನವೇ ದೂರದ ಲೋಡು ಹಿಡಿದು ಹೊರಟರು. ಮುಂದಿನ ವಾರದ ತನಕ ಬರುವುದಿಲ್ಲ. ಅಷ್ಟು ದಿನ ಕಾಯುವ ಹಾಗಿಲ್ಲ, ಅದಕ್ಕೇ ಈ ಕಾಗದ.

ನಾನು ಈ ಮನೆಗೆ ಹೊಸದಾಗಿ ಬಂದ ದಿನ ನೆನಪಿದೆಯೇ? ನೀವು ಒಳಗಿನಿಂದ, ಯಜಮಾನ್ರು ಊಟಕ್ಕೆ ಬಂದಿರ್ಬೇಕು, ಸ್ವಲ್ಪ ಹಿತ್ತಿಲ ಬಾಗಿಲು ತೆಗಿಯಮ್ಮ ಅಂದಿರಿ. ಮಾವ ತೀರಿಕೊಂಡು ವರ್ಷಗಳೇ ಆದವು ಅಂತ ಮದುವೆಗೆ ಮುಂಚೆಯೇ ಹೇಳಿದ್ದರು. ಬಾಗಿಲು ತೆಗೆದರೆ ಹೊಸ್ತಿಲಾಚೆ ಕಂದು ಬಣ್ಣದ ಇಷ್ಟು ದೊಡ್ಡ ನಾಯಿ. ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿದ ಕವರಿನ ಹಾಗೆ. ಒಳಗೆ ಬರದೆ ನನ್ನ ಮುಖವನ್ನೇ ನೋಡುತ್ತ ಕೂತಿತ್ತು. ಕರೀದೆ ಒಳಗೆ ಬರೋದಿಲ್ಲ, ಬನ್ನಿ ಅನ್ನು, ಅಂದಿರಿ. ನಾನು ಬನ್ನಿ ಅಂದೆ. ಬಂದರು. ಅವತ್ತಿನಿಂದ ನಾನೂ ಬಹುವಚನದಲ್ಲೇ ಮಾತಾಡಿಸಿದೆ. ಓದಿದ ಹುಡುಗಿ ನಾಯಿಗೆ ರೀ ಅಂತಾಳೆ ಅಂತ ಪಕ್ಕದ ಕ್ಷೌರದವರು ಊರೆಲ್ಲ ಹೇಳಿಕೊಂಡು ಬಂದರು.

ಆ ಭಾನುವಾರದ ನಡಿಗೆಗಳು ನನಗೆ ಎಷ್ಟು ಇಷ್ಟವಾಗಿದ್ದವು ಅಂತ ನಾನು ನಿಮಗೆ ಹೇಳಲೇ ಇಲ್ಲ. ಹಳೆ ಸಂತೆ ಚೌಕದ ಕಲ್ಲಿನ ಕಂಬಗಳ ಕೆಳಗೆ ಊರಿನ ನಾಯಿಗಳೂ ನಾಯಿಯವರೂ ಸೇರುತ್ತಿದ್ದರು. ಕ್ಷೌರದವರು ತಮ್ಮ ಮೂರು ಕಾಲಿನ ನಾಯಿ ಜೊತೆ. ಔಷಧಿ ಅಂಗಡಿಯ ಅಕ್ಕ ತಮ್ಮ ಎರಡು ಪುಟಾಣಿ ನಾಯಿಗಳ ಜೊತೆ. ಆಮೇಲೆ ನಿವೃತ್ತ ಮೇಷ್ಟ್ರು, ನಾಯಿಯನ್ನು ಎತ್ತಿಕೊಂಡೇ ನಡೆಯುವವರು. ಹಿಂದೆ ಮೂಟೆ ತೂಗುತ್ತಿದ್ದ ಕಬ್ಬಿಣದ ಕೊಕ್ಕೆಗೆ ನೀವು ನಿಮ್ಮ ಚೀಲ ನೇತುಹಾಕಿ, ಎಲ್ಲರ ಹಗ್ಗ, ಬೆಲ್ಟು, ಬಕಲು ಎಳೆದು ನೋಡುತ್ತಿದ್ದಿರಿ. ನಿಮ್ಮ ಕೈಯ ಹೊಲಿಗೆಯೇ, ಆದರೂ ನಂಬಿಕೆಯಿಲ್ಲ. ಚೀಲದಿಂದ ನೀರಿನ ಬಟ್ಟಲು ಹೊರಬಂದರೆ ಅದೇ ಹೊರಡುವ ಗಂಟೆ ಹೊಡೆದ ಹಾಗೆ. ಚೌಕ ದಾಟಿ, ಬುಟ್ಟಿ ಹೆಣೆಯುವವರ ಓಣಿ, ಕಮಾನು ಸೇತುವೆ, ನೀರಿನ ಗಿರಣಿ. ಅಲ್ಲಿಂದ ಆಚೆಗೆ ಬರೀ ಹುಲ್ಲು, ಬೇಲಿ, ಗೇಟು. ಮೇಷ್ಟ್ರು ಮಾತ್ರ ಗಿರಣಿ ತನಕ ನಾಯಿಯನ್ನು ಕೆಳಗಿಳಿಸುತ್ತಿರಲಿಲ್ಲ. ಮೇಷ್ಟ್ರೇ, ವಾಕಿಂಗ್ ನಿಮಗೋ ಅದಕ್ಕೋ ಅಂತ ನೀವು ಕೇಳುವುದು, ಇದಕ್ಕೆ ಊರಿನ ಕಲ್ಲು ಚುಚ್ಚುತ್ತಮ್ಮ ಅಂತ ಅವರು ಅನ್ನುವುದು, ವಾರವಾರವೂ ಅದೇ ಪಾಠ.

ನಿಮ್ಮ ಬಾರುಗಳ ಕ್ರಮವನ್ನು ನಾನು ಕಲಿತಿದ್ದು ಆ ಗೇಟುಗಳಲ್ಲೇ. ಅಂಗಡಿಯಲ್ಲಿ ಉಳಿದ ಚರ್ಮದ ಅಂಚನ್ನು ಸಣ್ಣ ಬಾರಾಗಿ ಸೀಳಿ, ಪ್ರತಿ ಗೇಟಿನ ಅಡ್ಡಪಟ್ಟಿಗೆ ಕಟ್ಟಿಟ್ಟಿದ್ದಿರಿ. ಒಂದು ಗಂಟು ಇದ್ದರೆ ಆಚೆ ನಾಯಿ ಬಿಡಬಹುದು. ಎರಡು ಗಂಟು ಇದ್ದರೆ ಕುರಿ ಮೇಯುತ್ತಿವೆ, ಹಗ್ಗ ಬಿಗಿ ಹಿಡಿಯಬೇಕು. ಋತು ಬದಲಾದರೆ ಗಂಟೂ ಬದಲು. ಯಜಮಾನರಿಗೆ ನೀವು ಕಲಿಸಿದ್ದು ಇನ್ನೊಂದು. ಗೇಟಿನ ಮುಂದೆ ಕೂರಬೇಕು, ನೀವು ಬಾರು ಮುಟ್ಟಿ ನಡೀರಿ ಯಜಮಾನ್ರೇ ಅನ್ನುವ ತನಕ ಗೇಟು ಹಾರು ಹೊಡೆದಿದ್ದರೂ ದಾಟುವ ಹಾಗಿಲ್ಲ. ಮರಿಯಾಗಿದ್ದಾಗ ಯಾರದೋ ಕುರಿ ಹಿಂಡಿಗೆ ನುಗ್ಗಿ ನಿಮ್ಮ ಮಾನ ಕಳೆದಿದ್ದರಂತೆ. ಅದಕ್ಕೇ ಈ ಶಿಕ್ಷಣ. ಬಾರಿಲ್ಲದ ಗೇಟು ನಮ್ಮದಲ್ಲ, ಅಷ್ಟೇ ಪಾಠ, ಅಂತ ನೀವು ಹೇಳುತ್ತಿದ್ದಿರಿ. ಬಸುರಿಯಾಗಿದ್ದಾಗಲೂ ನಾನು ಗಿರಣಿಯ ತನಕ ಬಂದು, ಕಟ್ಟೆಯ ಮೇಲೆ ಕೂತು, ಹುಲ್ಲಿನ ಮಧ್ಯೆ ನಿಮ್ಮ ಬಾಲಗಳ ಮೆರವಣಿಗೆ ಏರು ಹತ್ತಿ ಮರೆಯಾಗುವುದನ್ನು ನೋಡುತ್ತಿದ್ದೆ. ನನ್ನ ಮಗುವೂ ಹೀಗೇ ನಡೆಯುತ್ತೆ ಅಂದುಕೊಳ್ಳುತ್ತಿದ್ದೆ.

ಆಮೇಲೆ ಮಗು ಬಂತು. ನನಗೆ ಏನಾಯಿತೋ ನನಗೇ ಗೊತ್ತಿಲ್ಲ. ಗಾಳಿ ಬಂದರೆ ಶೀತ, ಬರದಿದ್ದರೆ ಉಸಿರುಗಟ್ಟುತ್ತದೆ. ಮಲಗಿದರೆ ಉಸಿರಾಡುತ್ತಿದೆಯಾ ಅಂತ ಮೂಗಿಗೆ ಬೆರಳಿಡುವುದು, ಬೆರಳು ತಾಗಿ ಎದ್ದು ಅತ್ತರೆ ಯಾಕೆ ಅಳುತ್ತಿದೆ ಅಂತ ಅಳುವುದು. ಯಜಮಾನರ ಕೂದಲು ತೊಟ್ಟಿಲಲ್ಲಿ ಸಿಕ್ಕಿದ ದಿನ ಮನೆಯ ಅಷ್ಟೂ ಬಟ್ಟೆ ಕುದಿಸಿದೆ. ಮಗು ಕೆಮ್ಮಿದರೆ ನಾಯಿಯಿಂದ, ಸೀನಿದರೆ ನಾಯಿಯಿಂದ. ಡಾಕ್ಟರು ಶ್ವಾಸಕೋಶ ಕನ್ನಡಿ ಹಾಗಿದೆ ಅಂದರೂ ಒಳಗೆ ಇಳಿಯಲಿಲ್ಲ.

ನೀವು ಮಗುವನ್ನು ಎದೆಗೆ ಕಟ್ಟಿಕೊಳ್ಳುವ ಜೋಳಿಗೆ ಹೊಲಿದಿರಲ್ಲ, ದಪ್ಪ ಬಟ್ಟೆಗೆ ಚರ್ಮದ ಪಟ್ಟಿ ಕೂಡಿಸಿ, ನಾಯಿ ಬೆಲ್ಟಿನದೇ ಬಕಲು ಹಾಕಿ. ವಾರಗಟ್ಟಲೆ ಕೂತು, ಒಳಗಿನ ಹೊಲಿಗೆ ಚುಚ್ಚಬಾರದು ಅಂತ ನಿಮ್ಮ ಕೆನ್ನೆಗೆ ಉಜ್ಜಿ ನೋಡಿ ಹೊಲಿದಿದ್ದಿರಿ. ನಾನು ಅದನ್ನು ಮೂಸಿ ನೋಡಿ, ನನ್ನ ಮಗು ನಾಯಿಮರಿಯಲ್ಲ ಅಂದೆ. ನಾಯಿಮರಿಯಾಗಿದ್ರೆ ಇಷ್ಟೊತ್ತಿಗೆ ಕಣ್ಣು ಬಿಟ್ಟು ಮನೆಯೆಲ್ಲ ಓಡಾಡ್ತಿತ್ತು, ಇದು ಸೋಮಾರಿ, ಹೊರಬೇಕು, ಅಂತ ನೀವು ನಕ್ಕಿರಿ. ನಾನು ನಗಲಿಲ್ಲ.

ಆದರೂ ಮಗುವಿನ ಕುತ್ತಿಗೆ ನಿಂತ ಮೇಲೆ ಒಂದು ಭಾನುವಾರ ನಿಮ್ಮ ಒತ್ತಾಯಕ್ಕೆ ಒಪ್ಪಿದೆ. ಮಗು ನಿಮ್ಮ ಎದೆಯ ಮೇಲೆ ಆ ಜೋಳಿಗೆಯಲ್ಲಿ, ಯಜಮಾನರ ಹಗ್ಗ ನಿಮ್ಮ ಕೈಯಲ್ಲಿ, ನಾನು ಹಿಂದೆ, ಟೋಪಿ, ಕಂಬಳಿ, ಬಿಸಿನೀರು, ಇನ್ನೊಂದು ಟೋಪಿ ಹೊತ್ತುಕೊಂಡು. ಗಿರಣಿಯಾಚೆ ದನದ ಹುಲ್ಲುಗಾವಲಿನಲ್ಲಿ ಎಳೆಗರುಗಳ ಜೊತೆ ಹಸುಗಳಿದ್ದವು. ಅರ್ಧ ದಾಟುವ ಹೊತ್ತಿಗೆ ಅವು ತಲೆ ತಗ್ಗಿಸಿ ನಮ್ಮ ಕಡೆಗೇ ಬಂದವು, ಮೊದಲು ನಡೆದು, ಆಮೇಲೆ ಓಡಿ. ನೀವು ಹಗ್ಗ ಬಿಟ್ಟುಬಿಟ್ಟಿರಿ. ಯಜಮಾನರು ಬಾಣದ ಹಾಗೆ ಹೊಳೆಯ ಕಡೆ ಹಾರಿದರು, ಹಸುಗಳು ಅವರ ಹಿಂದೆ ನೆಲ ನಡುಗಿಸಿಕೊಂಡು ಹೋದವು. ನೀವು ಬೆನ್ನು ಆ ಕಡೆ ಮಾಡಿ, ಮಗುವನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು ಬೇಲಿಗೆ ಬಂದಿರಿ. ಯಜಮಾನರು ಹೊಳೆ ಹಾರಿ, ಒದ್ದೆಯಾಗಿ, ಸುತ್ತು ಬಳಸಿ ಬಂದು ಸೇರಿಕೊಂಡರು. ಅವಕ್ಕೆ ಬೇಕಾಗಿದ್ದು ನಾವಲ್ಲಮ್ಮ, ನಾಯಿ. ಹಗ್ಗ ಬಿಟ್ರೆ ಅವರೂ ಉಳೀತಾರೆ ನಾವೂ ಉಳೀತೀವಿ, ಹಿಡ್ಕೊಂಡು ನಿಂತ್ರೆ ಇಬ್ರೂ ಹೋಗ್ತೀವಿ ಅಂತ ನೀವು ಏದುಸಿರು ಬಿಡುತ್ತ ಹೇಳುತ್ತಿದ್ದಿರಿ. ನನಗೆ ಅದು ಯಾವುದೂ ಕೇಳುತ್ತಿರಲಿಲ್ಲ.

ಅಲ್ಲಿ, ಮೇಷ್ಟ್ರು, ಕ್ಷೌರದವರು, ಔಷಧಿ ಅಂಗಡಿಯ ಅಕ್ಕ ಎಲ್ಲರ ಎದುರಿಗೆ ನಾನು ಅಂದ ಮಾತು. ನಿಮಗೆ ವಯಸ್ಸಾಗಿದೆ, ಬುದ್ಧಿ ಮಾತ್ರ ಬಂದಿಲ್ಲ. ಇನ್ನು ಮೇಲೆ ಆ ಮನೇಲಿ ನಾಯಿ ಇರುತ್ತೆ, ಇಲ್ಲಾ ನನ್ನ ಮಗು ಇರುತ್ತೆ. ನೀವೇ ನೋಡ್ಕೊಳ್ಳಿ.

ಜೋಳಿಗೆಯ ಬಕಲು ಬಿಚ್ಚಿ ಮಗುವನ್ನು ನನ್ನ ಕೈಗೆ ಕೊಟ್ಟಿರಿ. ಆ ಬುಧವಾರ ಬೆಳಿಗ್ಗೆ ಯಜಮಾನರ ಮೈ ಬಾಚಿ, ಬಟ್ಟಲು ತೊಳೆದು ಚೀಲಕ್ಕೆ ಹಾಕಿ, ಕರೆದುಕೊಂಡು ಹೋದಿರಿ. ಸಂಜೆ ಒಬ್ಬರೇ ಬಂದಿರಿ. ಕುರಿ ಗಂಟೆಗೆ ಪಟ್ಟಿ ಹೊಲಿಸಲು ಬರುವ ಆ ಕುರಿಯಮ್ಮ, ಗುಡ್ಡದಾಚೆಯವಳು, ಅವಳ ಹಟ್ಟಿಯಲ್ಲಿ ಬಿಟ್ಟು ಬಂದೆ ಅಂದಿರಿ. ಇನ್ನು ನೀನು ನಿಶ್ಚಿಂತೆಯಾಗಿ ಮಲಗಮ್ಮ ಅಂದಿರಿ. ನಿಮ್ಮ ಮುಂಗೈಯಲ್ಲಿ ಏನೋ ಗೀರಿತ್ತು, ಮುಳ್ಳು ಅಂದಿರಿ. ನಾನು ಅವತ್ತು ನಿಜಕ್ಕೂ ಹಾಯಾಗಿ ಉಸಿರು ಬಿಟ್ಟೆ. ಅದನ್ನು ಬರೆಯಲು ಕೈ ಬರುತ್ತಿಲ್ಲ, ಆದರೆ ಬಿಟ್ಟಿದ್ದು ನಿಜ.

ನಿದ್ದೆ ಮಾತ್ರ ಬರಲಿಲ್ಲ. ನಾಯಿಯಿಲ್ಲದ ಮನೆಯಲ್ಲೂ ಮಗು ಸೀನಿತು, ಕೆಮ್ಮಿತು. ಈಗ ಬೈಯಲು ಯಾರೂ ಇರಲಿಲ್ಲ.

ಅದರ ಮುಂದಿನ ಭಾನುವಾರ ಅವರೆಲ್ಲ ಚೌಕದಲ್ಲಿ ಕಾದು ಕಾದು ಅಂಗಡಿಗೇ ಬಂದರು. ನಾಯಿ ಇಲ್ಲದೋಳಿಗೆ ಅಲ್ಲೇನು ಕೆಲಸ, ನೀವು ಹೋಗಿ ಬನ್ನಿ ಅಂದಿರಿ. ಹೋದರು. ಸಂಜೆ ಮೇಷ್ಟ್ರು ಮೊಣಕಾಲ ತನಕ ಕೆಸರು ಮೆತ್ತಿಕೊಂಡು ಬಂದು, ದಾರಿ ತಪ್ಪಿ ಯಾರದೋ ಕೋಸಿನ ತೋಟಕ್ಕೆ ಬಿದ್ದು ಬೈಸಿಕೊಂಡೆವಮ್ಮ, ಒಂದು ಗೇಟಿಗೂ ನಿಮ್ಮ ಗುರುತಿಲ್ಲ, ಯಾರೋ ಕಿಡಿಗೇಡಿಗಳು ಕಿತ್ತಿದಾರೆ ಅಂತ ಗೋಳಾಡಿದರು. ಹುಡುಗರಿರಬೇಕು ಅಂತ ನೀವು ಅಂದಿದ್ದನ್ನು ನಾನು ಮೆಟ್ಟಿಲ ಮೇಲಿಂದ ಕೇಳಿಸಿಕೊಂಡೆ. ಆ ವಾರದ ನಂತರ ಯಾರೂ ಸೇರಲಿಲ್ಲ. ನೀವೂ ಹೊರಗೆ ಹೋಗಲಿಲ್ಲ. ಸಂತೆಯಿಂದ ಚರ್ಮ ತರಲೂ ಹೇಳಿ ಕಳಿಸುತ್ತೀರಿ. ಔಷಧಿ ಅಂಗಡಿಯ ಅಕ್ಕನಿಗೆ ಕೊಟ್ಟ ಬೆಲ್ಟಿಗೆ ಬಕಲು ಹಿಂದುಮುಂದಾಗಿ ಹೊಲಿದಿದ್ದಿರಿ. ಅವರು ನಿಮಗೆ ಹೇಳದೆ ನನಗೆ ತೋರಿಸಿ, ಏನಮ್ಮ, ನಿಮ್ಮತ್ತೆ ಕಣ್ಣಿಗೆ ಏನಾಗಿದೆ ಅಂತ ಕೇಳಿದರು. ಕಣ್ಣಿಗೇನೂ ಆಗಿಲ್ಲ ಅಂತ ನನಗೆ ಗೊತ್ತು.

ಮೊನ್ನೆ ಮಗುವಿಗೆ ಸೂಜಿ ಹಾಕಿಸಲು ಹೋಗ್ತೀನಿ ಅಂತ ಹೇಳಿ ಹೊರಟೆನಲ್ಲ, ಆಸ್ಪತ್ರೆಗೆ ಹೋಗಲಿಲ್ಲ. ನಿಮ್ಮ ಜೋಳಿಗೆಯಲ್ಲಿ ಮಗುವನ್ನು ಕಟ್ಟಿಕೊಂಡು ಕುರಿಯಮ್ಮನ ಹಟ್ಟಿಗೆ ಹೋದೆ. ಯಜಮಾನರನ್ನು ಕೇಳಿ ವಾಪಸು ತರೋಣ, ಹಿತ್ತಿಲ ಬಾಗಿಲಲ್ಲಿ ಕೂರಿಸಿ, ಯಾರೋ ಊಟಕ್ಕೆ ಬಂದಿದಾರೆ ನೋಡಿ ಅಂತ ನಿಮ್ಮನ್ನು ಕರೆಯೋಣ ಅಂತ ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡು ಹೋದೆ.

ಚೌಕ ದಾಟುವುದರೊಳಗೆ ಮಗು ಮಲಗಿತು. ಬುಟ್ಟಿ ಓಣಿಯಲ್ಲಿ ಬಾಗಿಲ ಬಾಗಿಲಿಗೂ ನಾಯಿಗಳಿಗೆ ನೀರಿನ ಬಟ್ಟಲು ಇನ್ನೂ ಇಡುತ್ತಾರೆ, ಅತ್ತೆ. ಬ್ರೆಡ್ಡಿನ ಅಂಗಡಿಯವಳು ನನ್ನ ಹಿಂದೆ ಮುಂದೆ ನೋಡಿ, ಯಜಮಾನ್ರು ಎಲ್ರೀ, ಮೈಗೆ ಹುಷಾರಿಲ್ವಾ, ಒಣಗಿದ ತುಂಡು ಇಟ್ಟು ಇಟ್ಟು ಇಲಿ ಸಾಕಿದ ಹಾಗಾಯ್ತು ಅಂದಳು. ಊರಿಗೆ ಹೋಗಿದಾರೆ ಅಂದೆ. ದನದ ಹುಲ್ಲುಗಾವಲು ನನ್ನಿಂದ ದಾಟಲಾಗಲಿಲ್ಲ. ಬೇಲಿಯಾಚೆ ಅದೇ ಹಸುಗಳು ನಮ್ಮನ್ನು ನೋಡಿ, ಸುಮ್ಮನೆ ಮೇವಿಗೆ ತಲೆ ಹಾಕಿದವು. ಆದರೂ ನಾನು ಹೊಳೆಯ ದಂಡೆ ಹಿಡಿದು, ಬೇಲಿಯ ಹೊರಗಿನಿಂದ ಸುತ್ತು ಹಾಕಿದೆ. ದೂರವಾಗುತ್ತದೆ, ಆದರೆ ಮೆತ್ತನೆ ದಾರಿ, ನೆರಳಿದೆ, ಮೇಷ್ಟ್ರ ನಾಯಿಗೂ ಚುಚ್ಚುವುದಿಲ್ಲ. ಆ ದಾರಿ ನಿಮಗೂ ಗೊತ್ತಿಲ್ಲ ಅಂದುಕೊಂಡಿದ್ದೇನೆ.

ಮೊದಲ ಗೇಟಿಗೆ ಬಂದಾಗ ಬಾರಿರಲಿಲ್ಲ. ಮೇಷ್ಟ್ರು ಹೇಳಿದ್ದು ನೆನಪಾಯಿತು. ಕಿಡಿಗೇಡಿಗಳು ಕಿತ್ತರೆ ತುಂಡು ಉಳಿಯುತ್ತದೆ, ಕತ್ತರಿಸಿದ ತುದಿ ಇರುತ್ತದೆ. ಇಲ್ಲಿ ಏನೂ ಇರಲಿಲ್ಲ. ಮಳೆ ಬಿಸಿಲಿಗೆ ಕಪ್ಪಾದ ಮರದ ಪಟ್ಟಿಯಲ್ಲಿ, ಬಾರು ಸುತ್ತಿದ್ದ ಜಾಗ ಮಾತ್ರ ಬೆಳ್ಳಗೆ, ಬಳೆ ತೆಗೆದ ಕೈಯ ಹಾಗೆ. ಎರಡನೆಯ ಗೇಟಿನಲ್ಲೂ ಹಾಗೇ. ವರ್ಷಗಟ್ಟಲೆ ನೆನೆದು ಒಣಗಿ ಕಲ್ಲಾದ ಗಂಟನ್ನು ಯಾರೋ ಕೂತು, ತಾಳ್ಮೆಯಿಂದ, ಉಗುರಿನಲ್ಲಿ ಬಿಡಿಸಿದ್ದರು. ಗುಡ್ಡದ ನೆತ್ತಿಯ ಗೇಟಿನ ಮುಳ್ಳುಪೊದೆಯ ಹತ್ತಿರ ನಿಂತಾಗ ನಿಮ್ಮ ಮುಂಗೈಯ ಗೀರು ನೆನಪಾಯಿತು. ಆ ಬುಧವಾರ ಹೋಗುವಾಗ ಪ್ರತಿ ಗೇಟಿನಲ್ಲಿ ಬಾರು ಮುಟ್ಟಿ ನಡೀರಿ ಯಜಮಾನ್ರೇ ಅಂದು ದಾಟಿಸಿದ್ದೀರಿ. ಬರುವಾಗ ಒಬ್ಬರೇ, ಒಂದೊಂದೇ ಬಿಚ್ಚುತ್ತ ಬಂದಿದ್ದೀರಿ. ಅವರು ಹಿಂದೆ ಬರಬಾರದು ಅಂತ. ಹಗ್ಗ ಕಟ್ಟಿ ಬರಬಹುದಿತ್ತು, ಬಾಗಿಲು ಹಾಕಿಸಬಹುದಿತ್ತು. ಅದು ಯಾವುದೂ ಇಲ್ಲದೆ, ಅವರು ಕಲಿತ ಪಾಠವನ್ನೇ ಅವರಿಗೆ ಬೇಲಿ ಮಾಡಿ ಬಂದಿರಿ. ನಾನು ಆ ಗೇಟಿಗೆ ಒರಗಿ ಎಷ್ಟು ಹೊತ್ತು ನಿಂತೆನೋ. ಮಗು ಎದ್ದು ನನ್ನ ಗಲ್ಲ ಹಿಡಿದು ಎಳೆದಾಗ ಎಚ್ಚರವಾಯಿತು.

ಕುರಿಯಮ್ಮ ನನ್ನನ್ನು ನೋಡಿದ್ದೇ ತಡ, ಬಂದ್ಯಾ ತಾಯಿ, ಕರ್ಕೊಂಡು ಹೋಗು ನಿಮ್ಮ ದೊಡ್ಡ ಮನುಷ್ಯನ್ನ ಅಂತ ಶುರು ಮಾಡಿದಳು. ಹಿಂಡು ಗೇಟು ದಾಟುತ್ತಂತೆ, ಇವರು ಈಚೆ ಕೂತುಬಿಡುತ್ತಾರಂತೆ. ಮಾವನ ಮನೇಲಿ ಊಟಕ್ಕೆ ಕರೀಲಿ ಅಂತ ಕಾಯೋ ಅಳಿಯನ ಹಾಗೆ ಕಣಮ್ಮ, ಪ್ರತಿ ಗೇಟಲ್ಲೂ ನನ್ನ ಗಂಡ ಎತ್ತಿ ದಾಟಿಸ್ಬೇಕು, ಅವನ ಸೊಂಟ ಹಿಡ್ಕೊಂಡಿದೆ, ಕುರಿ ಕಾಯೋಕೆ ನಾಯಿ ತಂದ್ವಾ, ನಾಯಿ ಹೊರೋಕೆ ಆಳು ತಂದ್ವಾ, ಅಂತ ಅವಳ ದೂರು. ನಾನು ನಕ್ಕೆ. ಆಮೇಲೆ ಅವಳು ಹೇಳಿದ್ದಕ್ಕೆ ನಗು ಅಲ್ಲೇ ನಿಂತಿತು. ಸೋಮವಾರ ಅವರ ಹಿಂಡು ಮೇಲಿನ ಬಯಲಿಗೆ ಹೋಗುತ್ತದೆ. ಇವರನ್ನು ಅಲ್ಲಿಗೆ ಹೊತ್ತು ಒಯ್ಯುವವರಿಲ್ಲ. ಅವಳ ಮೈದುನನ ಇಟ್ಟಿಗೆ ಗೂಡು ಇದೆಯಂತೆ, ಎಲ್ಲೋ ಆಚೆ. ಅಲ್ಲಿ ಕಾವಲಿಗೆ ಕೊಡುತ್ತಾಳಂತೆ. ಸರಪಳಿ ಹಾಕಿದ್ರೆ ಸರಿ, ಗೇಟಿನ ತಂಟೇನೇ ಇರಲ್ಲ ಅಂದಳು. ಕೆಟ್ಟವಳಲ್ಲ ಅವಳು. ಅವಳಿಗೂ ಬೇರೆ ದಾರಿಯಿಲ್ಲ.

ಯಜಮಾನರು ಹುಲ್ಲಿನ ಮೆದೆಯ ಹಿಂದಿನಿಂದ ಬಂದರು. ಬಡವಾಗಿಲ್ಲ, ಗಾಬರಿಯಾಗಬೇಡಿ. ಮೈಗೆ ಕುರಿ ವಾಸನೆ ಬಂದಿದೆ ಅಷ್ಟೇ. ಮಗುವಿನ ಪಾದವನ್ನು ಜೋಳಿಗೆಯ ಕೆಳಗಿನಿಂದ ಮೂಸಿದರು. ನಾನು ಹಿಂದಕ್ಕೆ ಸರಿಯಲಿಲ್ಲ. ಅದಕ್ಕೆ ನಾನು ಹಲ್ಲು ಕಚ್ಚಬೇಕಾಯಿತು ಅನ್ನುವುದನ್ನೂ ಹೇಳಿಬಿಡುತ್ತೇನೆ. ನಾನು ಹೆಜ್ಜೆ ಹಾಕಿದೆ, ಅವರು ನನ್ನ ಪಕ್ಕದಲ್ಲೇ ಬಂದರು, ಕಿವಿ ನಿಗುರಿಸಿಕೊಂಡು, ಬಾಲ ಎತ್ತಿಕೊಂಡು, ಸಂತೆಗೆ ಹೊರಟವರ ಹಾಗೆ. ಗುಡ್ಡದ ಗೇಟು ಬಂತು. ಕೂತರು. ಅಡ್ಡಪಟ್ಟಿಯ ಬಿಳೀ ಗುರುತನ್ನು ನೋಡಿದರು, ಎದ್ದು ಮೂಸಿದರು, ಮತ್ತೆ ಕೂತರು. ನಾನು ಗೇಟು ಪೂರ್ತಿ ತೆರೆದೆ. ನಡೀರಿ ಯಜಮಾನ್ರೇ ಅಂದೆ, ನಿಮ್ಮ ಧ್ವನಿ ಮಾಡಿಕೊಂಡು. ಮಗುವಿನ ಟೋಪಿಯ ದಾರ ಕಿತ್ತು ಪಟ್ಟಿಗೆ ಕಟ್ಟಿ, ಮುಟ್ಟಿ ತೋರಿಸಿದೆ. ಅದನ್ನೂ ಮೂಸಿದರು. ಆಮೇಲೆ ನನ್ನ ಮುಖ ನೋಡಿದರು. ಪಾಪ, ಇವಳಿಗೆ ಗೊತ್ತಿಲ್ಲ ಅನ್ನುವ ಹಾಗೆ. ಎದೆಯ ಮೇಲೆ ಮಗು, ಎಳೆಯಲು ಆಗಲಿಲ್ಲ. ಆಗಿದ್ದರೂ ಎಳೆಯುತ್ತಿರಲಿಲ್ಲ ಅನ್ನಿಸುತ್ತದೆ. ಕಣ್ಣೀರು ಹಾಕಿದೆ, ಬೈದೆ, ಬೇಡಿಕೊಂಡೆ. ಕೊನೆಗೆ ಗೇಟಿನಾಚೆ ನಿಂತು, ಈಚೆ ಬರುವ ತನಕ ಹೋಗೋದಿಲ್ಲ ಅಂದೆ. ಅವರು ಸ್ವಲ್ಪ ಹೊತ್ತು ಕಾದು, ಎದ್ದು, ಹಟ್ಟಿಯ ಕಡೆ ತಿರುಗಿ ನಡೆದರು. ಹಿಂತಿರುಗಿ ನೋಡಲಿಲ್ಲ. ಅಷ್ಟು ಚೆನ್ನಾಗಿ ಕಲಿಸಿದ್ದೀರಿ ನೀವು.

ಅತ್ತೆ, ಅವರನ್ನು ದಾಟಿಸಲು ನಿಮ್ಮೊಬ್ಬರ ಕೈಯಿಂದ ಮಾತ್ರ ಆಗುತ್ತದೆ. ನಾಡಿದ್ದು ಭಾನುವಾರ. ಅದು ಬಿಟ್ಟರೆ ಸೋಮವಾರ ಇಟ್ಟಿಗೆ ಗೂಡಿನ ಸರಪಳಿ. ಬಿಡಮ್ಮ ಅನ್ನಬೇಡಿ. ಆಗಿಹೋಗಿಲ್ಲ, ಇನ್ನೂ ಎರಡು ಹಗಲಿದೆ. ಕ್ಷೌರದವರಿಗೂ ಔಷಧಿ ಅಂಗಡಿಯ ಅಕ್ಕನಿಗೂ ಚೌಕಕ್ಕೆ ಬರಲು ಹೇಳಿದ್ದೇನೆ. ಮೇಷ್ಟ್ರಂತೂ ಈಗಲೇ ಬೂಟು ಒರೆಸುತ್ತಿದ್ದಾರೆ. ಅವರ ಎದುರಿಗೇ ಅಂದ ಮಾತನ್ನು ಅವರ ಎದುರಿಗೇ ನುಂಗಬೇಕು ಅಂತ ನನ್ನ ಮನಸ್ಸಿನಲ್ಲಿದೆ. ನೀವು ಮತ್ತೆ ಬಾರು ಕಟ್ಟುತ್ತ ಬನ್ನಿ. ಗಂಟು ಹಾಕುವುದನ್ನು ನನಗೂ ಕಲಿಸಿ. ಮಗುವನ್ನು ನಾನು ಹೊತ್ತುಕೊಂಡು ಬರುತ್ತೇನೆ. ದನದ ಹುಲ್ಲುಗಾವಲು ಮಾತ್ರ ಬೇಡ, ಅದನ್ನು ಈಗಲೂ ಹೇಳುತ್ತೇನೆ, ಅದರಲ್ಲಿ ನನ್ನದು ತಪ್ಪಿಲ್ಲ. ಎಳೆಗರು ಬೆಳೆಯುವ ತನಕ ಹೊಳೆ ದಂಡೆಯ ನನ್ನ ದಾರಿಯಲ್ಲಿ ಹೋಗೋಣ.

ಒಂದು ಭಯ ಇದೆ. ನೀವೇ ಬಂದು ಬಾರು ಕಟ್ಟಿ ಮುಟ್ಟಿದರೂ ಅವರು ದಾಟದಿದ್ದರೆ? ಒಂದು ಸಲ ಬಿಟ್ಟು ಹೋದವರ ಮಾತು ಮತ್ತೆ ಯಾಕೆ ಕೇಳಬೇಕು ಅಂತ ಅವರಿಗೆ ಅನ್ನಿಸಿದ್ದರೆ? ಮೊನ್ನೆಯಿಂದ ಇದೊಂದೇ ಯೋಚನೆ. ಹಾಗಾದರೆ ಅದರ ಭಾರ ನನ್ನದು, ನಿಮ್ಮದಲ್ಲ. ಅದನ್ನು ನೋಡಲು ನಾನೂ ಅಲ್ಲಿ ಇರಬೇಕು. ನಿಮ್ಮನ್ನು ಒಬ್ಬರನ್ನೇ ಆ ಗೇಟಿನಿಂದ ಇನ್ನೊಂದು ಸಲ ವಾಪಸು ಬರಲು ಬಿಡುವುದಿಲ್ಲ.

ಇಷ್ಟನ್ನು ನಿಮ್ಮ ಸೂಜಿ ಡಬ್ಬಿಯ ಕೆಳಗೆ ಇಡುತ್ತೇನೆ. ಓದಿ ಏನೂ ಹೇಳಬೇಕಾಗಿಲ್ಲ. ಬೈದರೂ ಸರಿ. ಬೈದರೆ ಇನ್ನೂ ಒಳ್ಳೆಯದು.

ನಿಮ್ಮ ಬಾಯಿಬಡಕಿ,
ಸೊಸೆ

ತಾ.ಕ.: ಮಡಚಿಟ್ಟ ಕಾಗದವನ್ನು ಮತ್ತೆ ಬಿಡಿಸಿದ್ದೇನೆ. ಕೂದಲು, ಕೆಮ್ಮು, ಹಸು ಅಂತ ಅಷ್ಟುದ್ದ ಬರೆದೆನಲ್ಲ, ಅದೆಲ್ಲ ಸುಳ್ಳಲ್ಲ, ಆದರೆ ನಿಜವಾದ ಕಾರಣ ಅದಲ್ಲ. ನನ್ನ ಕೈಯಲ್ಲಿ ಅತ್ತೂ ಅತ್ತೂ ನೀಲಿಯಾಗುತ್ತಿದ್ದ ಮಗು, ನಿಮ್ಮ ಮಡಿಲಿಗೆ ಹೋಗಿ, ಯಜಮಾನರ ಹೊಟ್ಟೆಗೆ ಕಾಲು ಚಾಚಿದರೆ ನಿದ್ದೆ ಹೋಗುತ್ತಿತ್ತು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಮೂವರೂ ಒಂದೇ ಉಸಿರು ಆಡುತ್ತಿದ್ದಿರಿ. ನಾಯಿಯನ್ನು ಕಳಿಸಿದರೆ ನೀವು ಮಗುವನ್ನೂ ಮುಟ್ಟಲು ಹಿಂಜರಿಯುತ್ತೀರಿ ಅಂತ ಆ ಹುಲ್ಲುಗಾವಲಲ್ಲಿ ಬಾಯಿ ತೆರೆಯುವಾಗಲೇ ನನಗೆ ಗೊತ್ತಿತ್ತು. ಅದೇ ನನಗೆ ಬೇಕಾಗಿತ್ತು. ಈಗ ಮಗಳು ಎದ್ದು ಅಳುತ್ತಿದ್ದಾಳೆ. ನೀವು ಅಂಗಡಿಯಿಂದ ಎದ್ದು ಬಂದು ಕೆಳಗಿನ ಮೆಟ್ಟಿಲ ಹತ್ತಿರ ನಿಂತಿದ್ದೀರಿ, ದಿನವೂ ನಿಲ್ಲುವ ಹಾಗೆ, ನಾನು ಕರೆಯುವ ತನಕ ಹತ್ತುವುದಿಲ್ಲ ಅಂತ. ನನಗೆ ದಿನವೂ ಗೊತ್ತಾಗುತ್ತಿತ್ತು, ಅತ್ತೆ. ಕರೆಯುತ್ತಿರಲಿಲ್ಲ. ಪೆನ್ನು ಕೆಳಗಿಟ್ಟು ಈಗ ಕರೆಯುತ್ತೇನೆ.